ಐದನೇ ಕಂಬದಿಂದ ಮುಂದೆ

ನಮ್ಮಕ್ಕನ ಬಾಯಿಯ ಮುಂದೆ ಗೆದ್ದವರನ್ನು ನಾನಂತೂ ಕಂಡಿಲ್ಲ. ಊರಂಚಿನ ಸಂರಕ್ಷಿತ ಕಾಡಿನಲ್ಲಿ ಅವಳಿಗೆ ಕೆಲಸ. ಅಲ್ಲಿ ಓರಿಯೆಂಟಿಯರಿಂಗ್ ಅಂತ ಒಂದು ಆಟ. ನಕ್ಷೆ, ಕಂಪಾಸು ಹಿಡಿದು, ಕಾಡೊಳಗೆ ಕಾಯಂ ಆಗಿ ನೆಟ್ಟಿರುವ ಕಂಬಗಳನ್ನು ಒಂದೊಂದಾಗಿ ಹುಡುಕಿಕೊಂಡು ಹೋಗಬೇಕು. ಕಂಬಗಳಿಗೆ ಬಣ್ಣ ಬಳಿಯುವುದು, ಬಿದ್ದರೆ ಎತ್ತಿ ನಿಲ್ಲಿಸುವುದು, ಬಂದವರಿಗೆ ಆಟ ಕಲಿಸುವುದು ಎಲ್ಲ ಇವಳೇ. ಹಾಗಾಗಿ ಊರಿಗೆಲ್ಲ ಕಂಬದಕ್ಕ. ಅವಳ ಪಾಠ ಒಂದೇ: "ನಿಮ್ಮ ಬುದ್ಧಿ ಓಡಿಸ್ಬೇಡಿ. ಮುಳ್ಳು ಎತ್ತ ಹೇಳುತ್ತೋ ಅತ್ತ ನಡೀರಿ."

ಭಾವ ದರ್ಜಿ. ಹೊಲಿಗೆ ಯಂತ್ರದ ಮುಂದೆ ಕೂತರೆಂದರೆ ಊಟಕ್ಕೆ ಕರೆದು ಕರೆದು ಅಕ್ಕನ ಗಂಟಲು ಹರಿಯಬೇಕು. ಮೇಲೆ ಸಕ್ಕರೆ ಕಾಯಿಲೆ ಬೇರೆ. ಇಂಜೆಕ್ಷನ್ ತಗೊಂಡು ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕುಸಿದು ಬೀಳುವ ಮನುಷ್ಯ. ಡಾಕ್ಟರು ನಡೆಯಿರಿ ಅಂದದ್ದೇ ಸಾಕಾಯಿತು ಅಕ್ಕನಿಗೆ. ಅವತ್ತು ಬೆಳಿಗ್ಗೆ ಕೈಯಿಂದ ಕತ್ತರಿ ಕಿತ್ತುಕೊಂಡು ಎಬ್ಬಿಸಿದಳು. ಸೊಳ್ಳೆ ಕಚ್ಚೀತೆಂದು ಅಂಗಿಯ ತೋಳು ಇಳಿಸಿ ತಾನೇ ಗುಂಡಿ ಹಾಕಿ, ನಕ್ಷೆ, ಕಂಪಾಸು ಕೈಗಿಟ್ಟು ಕಾಡಿಗೆ ಅಟ್ಟಿದಳು.

"ಒಂದು ಸುತ್ತು ಹಾಕಿ ಊಟಕ್ಕೆ ಬಂದ್ಬಿಡಿ. ಸ್ವಂತ ಬುದ್ಧಿ ಉಪಯೋಗ್ಸಿದ್ರೋ, ನೋಡಿ ಮತ್ತೆ!"

"ಆಯ್ತಮ್ಮಾ ತಾಯಿ," ಅಂದರಂತೆ ಭಾವ.

ಊಟದ ಹೊತ್ತು ಮೀರಿತು. ಫೋನು ಮಾಡಿದರೆ ಬಟ್ಟೆ ಕತ್ತರಿಸುವ ಮೇಜಿನ ಮೇಲೇ ಬಡಿದುಕೊಂಡಿತು. ಸುದ್ದಿ ತಿಳಿದು ಪಕ್ಕದ ಬೀದಿಯಿಂದ ನಾನು ಓಡಿದೆ. ಅಷ್ಟರಲ್ಲಿ ಕಾಡಿನ ಕಾವಲಿನವರು, ದಾರಿ ತಪ್ಪುವುದಿದ್ದರೆ ಅಲ್ಲೇ ಎಂದು, ಆರನೇ ಕಂಬದ ಸುತ್ತೆಲ್ಲ ಜಾಲಾಡಿ ಬರಿಗೈಯಲ್ಲಿ ಬಂದಿದ್ದರು. ಅಕ್ಕನ ಬಾಯಿ ಕಟ್ಟಿಹೋಗಿತ್ತು.

ಇಬ್ಬರೂ ಮೊದಲಿನಿಂದ ಹೊರಟೆವು. ಐದನೇ ಕಂಬದವರೆಗೆ ಕಾಲುದಾರಿಯೇ ಇದೆ, ಕಂಪಾಸು ಬೇಡ. ಪ್ರತಿ ಕಂಬದ ಮೇಲೂ ಭಾವ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೀಟೆಳೆದಿದ್ದರು. ಐದನೆಯದರಲ್ಲೂ ಇತ್ತು. ಅದರ ಬುಡದಲ್ಲಿ ಏನೋ ಮಿನುಗಿತು. ಎತ್ತಿ ನೋಡಿದರೆ ಗುಂಡುಸೂಜಿ.

ಅಕ್ಕ ಅದನ್ನು ಕಸಿದುಕೊಂಡು ನೋಡಿದಳು. "ಅಯ್ಯೋ, ಎಂಥ ಕೆಲ್ಸ ಮಾಡ್ಬಿಟ್ಟೆ ಕಣೇ!"

ದರ್ಜಿಗಳು ಸೂಜಿ ಅಂಟಿಸಿಕೊಳ್ಳಲು ಎಡ ಮಣಿಕಟ್ಟಿಗೆ ಅಯಸ್ಕಾಂತದ ಪಟ್ಟಿ ಕಟ್ಟಿಕೊಳ್ಳುತ್ತಾರಲ್ಲ, ಭಾವ ಅದನ್ನು ಉಣ್ಣುವಾಗಲೂ ಬಿಚ್ಚುವವರಲ್ಲ. ಅದು ಕೈಯಲ್ಲಿರುವುದು ಅವರಿಗೂ ಮರೆತಿತ್ತು, ಅಕ್ಕನಿಗೂ ಮರೆತಿತ್ತು. ಅದರ ಮೇಲೆಯೇ ತೋಳು ಎಳೆದು ಗುಂಡಿ ಹಾಕಿದ್ದಳು. ಬಲಗೈಯಲ್ಲಿ ಸೀಮೆಸುಣ್ಣ ಇದ್ದ ಮೇಲೆ ಕಂಪಾಸು ಹಿಡಿದದ್ದೂ ಅದೇ ಕೈಯಲ್ಲಿ.

"ಮುಳ್ಳು ಅವರ ಮಣಿಕಟ್ಟಿನ ಕಡೆಗೇ, ಅಂದ್ರೆ ಅವರ ಮೈ ಕಡೆಗೇ ತಿರುಗಿರುತ್ತೆ," ಅಂದಳು ಅಕ್ಕ. " ಎತ್ತ ಮುಖ ಮಾಡಿದ್ರೂ ಉತ್ತರ ಬೆನ್ನ ಹಿಂದೆ, ದಕ್ಷಿಣ ಮುಂದೆ ಅಂತ್ಲೇ ತೋರ್ಸುತ್ತೆ. ಆರನೇ ಕಂಬ ಇರೋದು ದಕ್ಷಿಣಕ್ಕೆ. ಹಾಗಂದ್ಮೇಲೆ ಬಂದ ಮುಖದಲ್ಲೇ ನೆಟ್ಟಗೆ ಹೋಗಿದಾರೆ."

ಬಂದ ಮುಖ ಪೂರ್ವ. ಪೂರ್ವಕ್ಕೆ ಜೌಗು.

ಅಕ್ಕ ಎದ್ದು ಬಿದ್ದು ಓಡಿದಳು. ಮುಖಕ್ಕೆ ಕೊಂಬೆ ಹೊಡೆದರೂ ಅವಳಿಗೆ ಪರಿವೆಯಿಲ್ಲ. "ದೇವರೇ, ಕಣ್ಣಿಗೆ ಬೀಳ್ಲಿ ಸಾಕು, ಇನ್ನು ಒಂದು ಮಾತೂ ಅನ್ನಲ್ಲ," ಎಂದು ದಾರಿಯುದ್ದಕ್ಕೂ ಗೊಣಗುತ್ತಿದ್ದಳು. ಹೊತ್ತು ಇಳಿಯುತ್ತಿತ್ತು. ನಾನು ಕೂಗಿ ಕೂಗಿ ಸೋತೆ.

ಜೊಂಡಿನ ನಡುವೆ ಬಿದ್ದಿದ್ದರು. ಸೊಂಟದವರೆಗೆ ಕೆಸರು, ಅಂಗಿ ಬೆವರಿನಲ್ಲಿ ತೊಯ್ದು ತೊಪ್ಪೆ. ಎಡಗೈ ಮಾತ್ರ ಎದೆಯ ಮೇಲೆ, ಅಂಗೈಯಲ್ಲಿ ಕಂಪಾಸು. ಇಬ್ಬರೂ ಎಳೆದು ದಡಕ್ಕೆ ಹಾಕಿದೆವು. ಕುಡಿಯಬಲ್ಲರೇ ಎಂದು ನೋಡಿಕೊಂಡು, ಅಕ್ಕ ಜೊತೆಗೆ ತಂದಿದ್ದ ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಎಷ್ಟೋ ಹೊತ್ತಿನ ಮೇಲೆ ಸರಿಯಾಗಿ ಕಣ್ಣು ಬಿಟ್ಟರು. ಅಕ್ಕನ ಮುಖ ಕಂಡಿದ್ದೇ ತಪ್ಪು ಮಾಡಿದ ಹುಡುಗನ ಥರ ಹೆದರಿಬಿಟ್ಟರು.

"ಬೈಬೇಡ ಕಣೇ. ನೀರು ಕಾಣಿಸ್ತು, ತಿರುಗಿ ಬಂದ್ಬಿಡೋಣ ಅನ್ನಿಸ್ತು. ಆದ್ರೂ ತಿರುಗ್ಲಿಲ್ಲ. ಮುಳ್ಳು ಹೇಳಿದ್ ಕಡೇನೇ ನಡೆದೆ. ನಿನ್ ಮಾತು ಮೀರ್ಲಿಲ್ಲ."

ಅಕ್ಕ ಗುಂಡಿ ಬಿಚ್ಚುತ್ತಾ ಕೂರಲಿಲ್ಲ. ಅಂಗಿಯ ತೋಳನ್ನೇ ಹರಿದು, ಆ ಪಟ್ಟಿ ಕಿತ್ತು ಬಿಸಾಡಿ, ಕೆಸರು ಮೆತ್ತಿದ ಆ ಕೈಯನ್ನು ಬಾಯಿಗೊತ್ತಿಕೊಂಡು ಗೊಳೋ ಎಂದು ಅತ್ತಳು.

"ಒಂದೇ ಒಂದು ಸಲ ಮೀರಬಾರದಿತ್ತೇನ್ರೀ!"