‘ಇತರೆ’ ಮನೆಯ ನಕ್ಷತ್ರ

ಅಜ್ಜಂಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ವನಜಾಕ್ಷಿಯ ಮನೆ. ಗಂಡ ಯೋಗಾನಂದ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದ. ಆಗಸ್ಟಿನಲ್ಲಿ ಒಂದು ದಿನ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ.

ಡಿಸೆಂಬರ್ ಇಪ್ಪತ್ಮೂರರ ಬೆಳಿಗ್ಗೆ ತಾಲ್ಲೂಕು ಕಚೇರಿಯಿಂದ ಫೋನು ಬಂತು. ನಾಳೆ ಹನ್ನೊಂದಕ್ಕೆ ಮನೆಗೆ ಬರುತ್ತೇವೆ, ಎಲ್ಲರೂ ಇರಿ ಅಂದರು.

ಯಾಕೆ ಅಂತ ವನಜಾಕ್ಷಿಗೆ ಗೊತ್ತಿತ್ತು. ಮಗಳು ಭೂಮಿಕಾಗೆ ಸರ್ಕಾರಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೆಲಸ ಆಗಿತ್ತು, ಪರಿಶಿಷ್ಟ ಜಾತಿಯ ಮೀಸಲಾತಿಯಲ್ಲಿ. ಸೇರುವ ಮೊದಲು ಜಾತಿ ನಿಜ ಅಂತ ಸಿಂಧುತ್ವ ಪತ್ರ ಬೇಕು. ಅಷ್ಟರಲ್ಲಿ ಯಾರೋ ಮೂಗರ್ಜಿ ಹಾಕಿದ್ದರು. ಹೆಸರಿಲ್ಲ, ಸಹಿ ಇಲ್ಲ. ಈ ಮನೆಯವರು ಕ್ರೈಸ್ತರಾಗಿದ್ದಾರೆ, ವರ್ಷವರ್ಷವೂ ಬಾಗಿಲಿಗೆ ಕ್ರಿಸ್‌ಮಸ್ ನಕ್ಷತ್ರ ಕಟ್ಟುತ್ತಾರೆ ಅಂತ ಬರೆದಿತ್ತು. ಕ್ರೈಸ್ತರಾದರೆ ಆ ಮೀಸಲಾತಿ ಹೋಗುತ್ತದೆ. ಕೆಲಸವೂ ಹೋಗುತ್ತದೆ.

ನಕ್ಷತ್ರ ಕಟ್ಟಿದ್ದು ನಿಜ. ಕ್ರೈಸ್ತರಾಗಿದ್ದು ಸುಳ್ಳು. ಯೋಗಾನಂದನಿಗೆ ಯಾವ ದೇವರೂ ಇರಲಿಲ್ಲ.

ಅವನು ಬೆಳೆದದ್ದು ಲಕ್ಕವಳ್ಳಿಯ ಡ್ಯಾಮ್ ಕಾಲೊನಿಯಲ್ಲಿ. ಪಕ್ಕದ ಮನೆಯ ರೋಜಿಯಮ್ಮ ಡಿಸೆಂಬರ್ ಬಂದರೆ ಬಿದಿರು ಸೀಳಿಸಿ ಕಾಲೊನಿಯ ಮಕ್ಕಳ ಕೈಲೆಲ್ಲ ನಕ್ಷತ್ರ ಮಾಡಿಸುತ್ತಿದ್ದಳಂತೆ. ಅಲ್ಲಿ ಕಲಿತದ್ದು. ಮದುವೆಯಾದ ವರ್ಷವೇ ಈ ಮನೆಗೂ ಒಂದು ಮಾಡಿದ. ಬಿದಿರಿನ ದಬ್ಬೆಗೆ ನೀಲಿ ಕಾಗದ ಅಂಟಿಸಿದ. ಮೂಲೆಗಳನ್ನು ವೈಂಡಿಂಗಿನ ತಾಮ್ರದ ತಂತಿಯಿಂದ ಬಿಗಿದ.

“ದೇವ್ರೇ ಇಲ್ಲ ಅಂತೀರಿ. ಮತ್ತೆ ಇದ್ಯಾಕೆ?” ಅಂತ ಅವಳು ಕೇಳಿದ್ದಳು.

“ದೇವ್ರು ಬೇಡ ಅಂದೆ ಕಣೇ. ಹಬ್ಬ ಬೇಡ ಅಂದ್ನಾ?”

ಯುಗಾದಿಗೆ ಒಬ್ಬಟ್ಟು ತಿನ್ನುತ್ತಿದ್ದ. ರಂಜಾನಿಗೆ ಪಕ್ಕದ ಅಂಗಡಿಯವರ ಬಿರಿಯಾನಿ ತಿನ್ನುತ್ತಿದ್ದ. ಕೈ ಮಾತ್ರ ಎಲ್ಲಿಯೂ ಮುಗಿಯಲಿಲ್ಲ. ಭೂಮಿಕಾಳನ್ನು ಶಾಲೆಗೆ ಸೇರಿಸುವಾಗ ಧರ್ಮ ಯಾವುದು ಅಂದರು. ಇಲ್ಲ ಅಂತ ಬರ್ಕೊಳ್ಳಿ ಅಂದ. ಹಾಗೆ ಬರೆಯಲು ಬರುವುದಿಲ್ಲ ಅಂತ ಮೇಷ್ಟ್ರು ‘ಇತರೆ’ ಅಂತ ಬರೆದರು. ಯೋಗಾನಂದ ನಗುತ್ತಾ ಮನೆಗೆ ಬಂದ. “ಇವತ್ತಿಂದ ನಾವು ಇತರೆಯೋರು ಕಣೇ,” ಅಂದ.

ಆ ಪದ ಈಗ ಭೂಮಿಕಾಳ ಟಿ.ಸಿ.ಯಲ್ಲಿ ಕೂತಿತ್ತು. ಅದರ ಪಕ್ಕದಲ್ಲಿ ನಕ್ಷತ್ರ ಇಟ್ಟು ನೋಡಿದರೆ ಯಾರಾದರೂ ಏನು ತಿಳಿದಾರು?

ಸತ್ತರೆ ಹಾಲುತುಪ್ಪ ಬೇಡ, ತಿಥಿ ಬೇಡ ಅಂತಲೂ ಹೇಳಿದ್ದ. ವನಜಾಕ್ಷಿ ಆ ಮಾತು ಉಳಿಸಿದಳು. ಮೂರನೆಯ ದಿನ ಮಣ್ಣಿನ ಮೇಲೆ ಹಾಲು ಬಿಡಲು ಹೋಗಲಿಲ್ಲ. ಎದುರು ಮನೆಯ ಸುಲೋಚನಮ್ಮ ಬೀದಿಯಲ್ಲೇ ನಿಂತು ಬೈದಳು. “ಒಂದು ಲೋಟ ಹಾಲು ಬಿಡಕ್ಕೂ ಗತಿ ಇಲ್ವೇನೇ ನಿಂಗೆ? ಎಂಥಾ ಹೆಂಗಸೇ ನೀನು!” ವನಜಾಕ್ಷಿ ಬಾಗಿಲು ಹಾಕಿಕೊಂಡಳು. ಅವತ್ತು ಅವಳು ಹಾಲು ಕಾಯಿಸಿದ್ದಳು. ಎಲ್ಲಿಗೂ ಒಯ್ಯಲಿಲ್ಲ. ಸಂಜೆಗೆ ಒಡೆಯಿತು. ಬಚ್ಚಲಿಗೆ ಚೆಲ್ಲಿದಳು. ಅದನ್ನು ಮಗಳಿಗೂ ಹೇಳಿಲ್ಲ.

ಇಪ್ಪತ್ಮೂರರ ಸಂಜೆ ಮೈದುನ ಚಂದ್ರಕುಮಾರ್ ತರೀಕೆರೆಯಿಂದ ಬಸ್ಸಿಗೆ ಬಂದ. ಚೀಲದಲ್ಲಿ ಕಟ್ಟು ಹಾಕಿಸಿದ ಲಕ್ಷ್ಮಿಯ ಫೋಟೋ ಇತ್ತು. ಬಂದವನೇ ಗೋಡೆಗೆ ಮೊಳೆ ಹೊಡೆದ.

“ಅತ್ತಿಗೆ, ನಾಳೆ ಒಂದಿನ ಬಾಯಿ ಬಿಗಿ ಹಿಡ್ಕಳಿ. ನಕ್ಷತ್ರ ನಮ್ದಲ್ಲ ಅನ್ನಿ. ಮುಂದಿನ ರೂಮಲ್ಲಿ ಬಾಡಿಗೆಗಿದ್ದ ನರ್ಸಮ್ಮ ಕಟ್ತಿದ್ರು ಅನ್ನಿ. ಮುಗೀತು.”

“ಕಟ್ಟಿದ್ದು ನಿಮ್ಮಣ್ಣ.”

“ಅಣ್ಣ ಹೋದ. ಹುಡುಗಿ ಇದಾಳೆ.”

ಭೂಮಿಕಾ ಅಟ್ಟದ ಕಡೆ ನೋಡಿದಳು. ನಕ್ಷತ್ರ ಅಲ್ಲಿ ಹಳೇ ಸೀರೆಯಲ್ಲಿ ಸುತ್ತಿಟ್ಟಿತ್ತು. “ಅಮ್ಮ, ಚಿಕ್ಕಪ್ಪ ಹೇಳ್ದಂಗೆ ಹೇಳು. ಮೂರು ವರ್ಷ ಓದಿದೀನಿ ಇದಕ್ಕೆ. ಅಪ್ಪ ಇದ್ದಿದ್ರೂ ಹಂಗೇ ಹೇಳ್ತಿತ್ತು.”

“ನಿಮ್ಮಪ್ಪ ಹೇಳ್ತಿರ್ಲಿಲ್ಲ.”

“ಹಂಗಾದ್ರೆ ನೀನು ಹೇಳು!”

ವನಜಾಕ್ಷಿ ಆಯ್ತು ಅಂದಳು. ಹೇಳುತ್ತೇನೆ ಅಂತ ಅವಳಿಗೂ ಅನ್ನಿಸಿತ್ತು.

ಮರುದಿನ ಹನ್ನೊಂದಕ್ಕೆ ಕಂದಾಯ ನಿರೀಕ್ಷಕರು ಬಂದರು. ಸಣ್ಣ ವಯಸ್ಸಿನವರು, ಮಾತು ಕಡಿಮೆ. ಸಾಕ್ಷಿಗೆ ಬೀದಿಯವರಿಬ್ಬರು ಬೇಕು ಅಂದರು. ಟೀ ಹೋಟೆಲಿನ ಈರಭದ್ರಪ್ಪ ಬಂದ. ಇನ್ನೊಬ್ಬರಾಗಿ ಸುಲೋಚನಮ್ಮ ತಾನೇ ಬಂದು ಕೂತಳು.

ನಿರೀಕ್ಷಕರು ಟಿ.ಸಿ. ನೋಡಿದರು. ‘ಇತರೆ’ ಮೇಲೆ ಬೆರಳಿಟ್ಟರು. ಆಮೇಲೆ ಲಕ್ಷ್ಮಿಯ ಫೋಟೋ ನೋಡಿದರು. ಅದರ ಕೆಳಗೆ ನೆಲದ ಮೇಲೆ ಗೋಡೆಯ ಪುಡಿ ಹಾಗೇ ಬಿದ್ದಿತ್ತು. ಗುಡಿಸುವುದು ಮೂವರಿಗೂ ಮರೆತಿತ್ತು.

“ಈ ಫೋಟೋ ಯಾವಾಗ ಹಾಕಿದ್ದು ಅಮ್ಮಾ?”

ಚಂದ್ರಕುಮಾರ್ ಕೆಮ್ಮಿದ.

“ನೆನ್ನೆ ಸಂಜೆ,” ಅಂದಳು ವನಜಾಕ್ಷಿ.

ಈರಭದ್ರಪ್ಪ ನಗು ತಡೆದುಕೊಂಡ. ಚಂದ್ರಕುಮಾರ್ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ನಿರೀಕ್ಷಕರು ನಗಲಿಲ್ಲ. ಮೊಬೈಲು ತೆಗೆದು ಅವಳ ಮುಂದೆ ಹಿಡಿದರು. “ಅರ್ಜಿ ಜೊತೆ ಈ ಫೋಟೋ ಬಂದಿದೆ. ಇದು ನಿಮ್ಮನೆನಾ?”

ಕಳೆದ ವರ್ಷದ್ದು. ಬಾಗಿಲಲ್ಲಿ ನೀಲಿ ನಕ್ಷತ್ರ, ಒಳಗೆ ದೀಪ ಹತ್ತಿದೆ. ಅದರ ಕೆಳಗೆ ಯೋಗಾನಂದ, ಬಾಯಿ ತುಂಬ ಕೇಕು. ಮೀಸೆಗೆ ಪುಡಿ ಅಂಟಿದೆ. ಯಾರನ್ನೋ ನೋಡಿ ನಗುತ್ತಿದ್ದಾನೆ. ಈ ಫೋಟೋ ಅವಳ ಹತ್ತಿರ ಇರಲಿಲ್ಲ. ದ್ವೇಷಕ್ಕೆ ತೆಗೆದವರ ಹತ್ತಿರ ಇತ್ತು.

“ನಕ್ಷತ್ರ ಯಾರು ಕಟ್ಟಿದ್ದು?”

ನರ್ಸಮ್ಮ ಅನ್ನಬೇಕಿತ್ತು. ಒಂದೇ ಮಾತು. ಭೂಮಿಕಾ ಅಮ್ಮನ ಸೆರಗು ಎಳೆದಳು.

“ನಮ್ಮನೆಯೋರು,” ಅಂದಳು ವನಜಾಕ್ಷಿ. “ಪ್ರತಿ ವರ್ಷ ಅವರೇ. ಮೇಲಿದೆ, ಇಳಿಸ್ಲಾ?”

ಭೂಮಿಕಾ ಸೆರಗು ಬಿಟ್ಟು ಎದ್ದು ಗೋಡೆಯ ಕಡೆ ತಿರುಗಿ ನಿಂತಳು.

“ಚರ್ಚಿಗೆ ಹೋಗ್ತಿದ್ರಾ?”

“ಇಲ್ಲ. ದೇವಸ್ಥಾನಕ್ಕೂ ಇಲ್ಲ. ಅವರಿಗೆ ದೇವ್ರಿರ್ಲಿಲ್ಲ ಸಾರ್.”

“ದೇವ್ರಿಲ್ದೋರು ಯಾಕಮ್ಮಾ ಕ್ರಿಸ್‌ಮಸ್ ಮಾಡ್ತಾರೆ?”

“ಖುಷಿಗೆ,” ಅಂದಳು ವನಜಾಕ್ಷಿ.

ನಿರೀಕ್ಷಕರು ಪೆನ್ನು ಎತ್ತಿದರು, ಬರೆಯಲಿಲ್ಲ. ಖುಷಿಗೆ ಅಂತ ಬರೆಯಲು ಅವರ ಕಾಗದದಲ್ಲಿ ಜಾಗ ಇದ್ದ ಹಾಗೆ ಕಾಣಲಿಲ್ಲ. ಸಾಕ್ಷಿಗಳ ಕಡೆ ತಿರುಗಿದರು. “ನೀವು ಹೇಳಿ. ಇವರು ಮತಾಂತರ ಆಗಿದಾರಾ?”

ಸುಲೋಚನಮ್ಮ ಕಾದು ಕೂತಿದ್ದವಳಂತೆ ಶುರು ಮಾಡಿದಳು. “ಮತಾಂತರ ಆಗಿದ್ರೆ ಚೆನ್ನಾಗಿರ್ತಿತ್ತಲ್ಲ ಸ್ವಾಮಿ! ಒಂದು ಶಿಲುಬೆನಾದ್ರೂ ನೆಡೋರು. ಪಾದ್ರಿ ಬಂದು ಎರಡು ಮಾತಾಡೋರು. ಈವಮ್ಮ ಗಂಡನ್ನ ಸುಮ್ನೆ ಮಣ್ಣು ಮಾಡಿ ಬಂದ್ಬಿಟ್ಲು. ಹಾಲಿಲ್ಲ, ತುಪ್ಪಿಲ್ಲ, ತಿಥಿ ಇಲ್ಲ. ನಾನು ಬೀದೀಲಿ ನಿಂತು ಬೈದೆ. ಕೇಳಿ ಈರಭದ್ರಪ್ಪನ್ನ.”

“ಬೈದಿದ್ದು ನಿಜ ಸಾರ್,” ಅಂದ ಈರಭದ್ರಪ್ಪ. “ನಮ್ಮ ಹೋಟ್ಲಿಗೂ ಕೇಳ್ತು.”

“ಆ ಮನುಷ್ಯಂಗೆ ಏಸೂನೂ ಇಲ್ಲ, ಈಶ್ವರನೂ ಇಲ್ಲ. ಕೇಕು ಮಾತ್ರ ಇತ್ತು. ನಮ್ಮನೆಗೂ ಕೊಡ್ತಿದ್ದ.”

“ತಿಂದಿದೀರಾ?”

“ಬಿಸಾಕಕ್ಕಾಗುತ್ತಾ?”

ನಾಲ್ಕು ತಿಂಗಳಿಂದ ವನಜಾಕ್ಷಿ ಆ ಬೈಗುಳ ಹೊತ್ತುಕೊಂಡಿದ್ದಳು. ಈಗ ಅದನ್ನೇ ಸುಲೋಚನಮ್ಮ ಸಾಕ್ಷಿ ನುಡಿಯುತ್ತಿದ್ದಳು. ನಿರೀಕ್ಷಕರು ಬರೆಯುತ್ತಿದ್ದರು. ಹಾಲುತುಪ್ಪ ಇಲ್ಲ. ಶಿಲುಬೆ ಇಲ್ಲ. ಪೆನ್ನು ಓಡುವ ಸದ್ದು ಕೇಳುತ್ತಿತ್ತು.

“ಮತಾಂತರ ಕಂಡುಬಂದಿಲ್ಲ ಅಂತ ವರದಿ ಕೊಡ್ತೀನಿ,” ಅಂದರು ಅವರು. “ಆದ್ರೆ ಧರ್ಮದ ಕಾಲಂ ಖಾಲಿ ಬಿಡಕ್ಕಾಗಲ್ಲ. ಮತ ಬದಲಾಯಿಸ್ದೋರನ್ನ ಬಿಟ್ಟು ಉಳಿದೋರು ಹಿಂದೂ ಅಂತಾನೇ. ಬರೀಲಾ?”

ಭೂಮಿಕಾ ತಿರುಗಿದಳು. ಅವಳ ಕಣ್ಣು ಕೆಂಪಗಿತ್ತು.

ಯೋಗಾನಂದ ಇದ್ದಿದ್ದರೆ ಜಗಳ ತೆಗೆಯುತ್ತಿದ್ದ. ವನಜಾಕ್ಷಿ ಮಗಳ ಮುಖ ನೋಡಿದಳು. “ಅದು ನಿಮ್ಮ ಕಾಗದ ಸಾರ್. ಬರ್ಕೊಳ್ಳಿ. ನಕ್ಷತ್ರ ನಮ್ದಲ್ಲ ಅಂತ ಮಾತ್ರ ಬರೀಬೇಡಿ.”

“ನಿಮ್ದೇ ಅಂತ ಬರ್ದಿದೀನಿ.”

ಓದಿ ಹೇಳಿದರು. ಅವಳು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಎದ್ದು ಹೊರಟವರನ್ನು ಬಾಗಿಲಲ್ಲಿ ತಡೆದಳು. “ಆ ಫೋಟೋ ನನ್ನ ಮಗಳ ಫೋನಿಗೆ ಹಾಕ್ತೀರಾ?”

“ಅದು ಕಡತದ್ದಮ್ಮಾ. ಕೊಡಕ್ಕೆ ಬರಲ್ಲ,” ಅಂದರು. ಆದರೆ ಹೊಸ್ತಿಲಲ್ಲೇ ನಿಂತು ಮೊಬೈಲನ್ನು ಮತ್ತೊಮ್ಮೆ ಅವಳ ಕೈಗೆ ಕೊಟ್ಟರು. ಅವಳು ನೋಡಿ ಮುಗಿಸುವ ತನಕ ಕಾದರು.

ಮಧ್ಯಾಹ್ನ ಚಂದ್ರಕುಮಾರ್ ಲಕ್ಷ್ಮಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ. ನಾಲ್ಕು ಗಂಟೆಗೆ ಅಟ್ಟದ ಮೇಲೆ ಸದ್ದಾಯಿತು. ಭೂಮಿಕಾ ಸೀರೆಯ ಗಂಟು ಇಳಿಸುತ್ತಿದ್ದಳು. ಕಾಗದ ಒಂದು ಕಡೆ ಹರಿದಿತ್ತು. ತಾಮ್ರದ ತಂತಿ ಎಲ್ಲಿಯೂ ಸಡಿಲಾಗಿರಲಿಲ್ಲ.

“ಕೆಲಸ ಹೋಗಿದ್ರೆ ಏನ್ ಮಾಡ್ತಿದ್ದೆ ಅಮ್ಮ?”

“ಗೊತ್ತಿಲ್ಲ ಕಣೇ.”

ಹರಿದ ಕಡೆಗೆ ಅನ್ನದ ಅಗುಳು ಹಚ್ಚಿ ಕಾಗದ ಅಂಟಿಸಿದರು. ಬಾಗಿಲಿಗೆ ಕಟ್ಟುವಾಗ ಎದುರಿನಿಂದ ಸುಲೋಚನಮ್ಮ ಕೂಗಿದಳು. “ಲೇ ವನಜಾ, ಕಟ್ಟಿದೆಯೇನೇ ಮತ್ತೆ? ನಾಚ್ಕೆ ಇಲ್ವಾ? ಕೇಕು ಎಲ್ಲಿ?”

“ತಂದಿಲ್ಲ ಸುಲೋಚನಕ್ಕ.”

“ತಂದಿಲ್ವಂತೆ!” ಅಂದಳು ಅವಳು, ಬೀದಿಗೆಲ್ಲ ಕೇಳುವ ಹಾಗೆ. ವನಜಾಕ್ಷಿ ಚಪ್ಪಲಿ ಮೆಟ್ಟಿಕೊಂಡು ಬೇಕರಿಯ ಕಡೆ ಹೊರಟಳು.