ಫೋರ್ಕಿಗೆ ಸಿಗದ ರೊಟ್ಟಿ

ಕೀರ್‌ರ್ ಎಂದು ಒಂದು ಸದ್ದು. ಸ್ಟೀಲ್ ತಾಟಿನ ಮೇಲೆ ಫೋರ್ಕ್ ಜಾರಿದಾಗ ಬರುತ್ತದಲ್ಲ, ಹಲ್ಲಿನ ಬೇರಿಗೆ ತಾಗುವಂಥದ್ದು, ಅದು. ಎರಡು ವರ್ಷದ ಹಿಂದೆ, ಬೀದರಿನ ನೌಬಾದದ ನಮ್ಮ ಮನೆಯಲ್ಲಿ ದಿನಾ ಮಧ್ಯಾಹ್ನ ಆ ಸದ್ದು ಕೇಳುತ್ತಿತ್ತು. ಇವತ್ತು ಬೆಳಿಗ್ಗೆ ಅಡುಗೆಮನೆಯ ಡ್ರಾಯರ್ ಎಳೆದೆ. ಒಳಗಿನ ಫೋರ್ಕುಗಳು ಒಂದಕ್ಕೊಂದು ತಾಗಿ ಗಿಲಕ್ಕೆಂದವು, ಅಷ್ಟೇ. ಹಳೆಯ ಸದ್ದು ಎದ್ದು ಬಂದು ಕಿವಿಯಲ್ಲಿ ಕುಳಿತುಬಿಟ್ಟಿತು.

ಅಂಬಿಕಾ ಇವತ್ತು ಬರುತ್ತಿದ್ದಾಳೆ. ನಿನ್ನೆ ಎಕಂಬಾದಿಂದ ಫೋನ್ ಮಾಡಿ, "ಊಟದ ಹೊತ್ತಿಗಿ ಬರ್ತೇನಿ ಮೇಡಂ. ಆಯಿ ಕಡೀ ಸಲ ನಿಮ್ಮ ಮನಿಗಿ ಬಂದಾಗ ಹ್ಯಾಂಗ ಇದ್ಲು, ಎಲ್ಲಾ ಹೇಳ್ಬೇಕ್ರಿ. ಫೋನಿನ್ಯಾಗ ಬ್ಯಾಡ" ಎಂದಳು. ನಲವತ್ತು ವರ್ಷ ಸಾಲೆಯ ಹುಡುಗಿಯರಿಗೆ ಇಂಗ್ಲಿಷ್ ಪರೀಕ್ಷೆಯ ಅಂಜಿಕೆ ಹುಟ್ಟಿಸಿದವಳು ನಾನು. ಈಗ ಎಪ್ಪತ್ತೊಂದರಲ್ಲಿ ನನಗೇ ಪರೀಕ್ಷೆ. ಬೆಳಗಿನಿಂದ ಎಷ್ಟು ಸಲ ಗಡಿಯಾರ ನೋಡಿದೆನೋ. ಹೇಳುವುದು ಕಷ್ಟವಲ್ಲ. ಆದರೆ ಅದನ್ನು ಹೇಳಬೇಕಾದರೆ ನನ್ನ ತಪ್ಪಿನಿಂದಲೇ ಶುರು ಮಾಡಬೇಕು. ಅದಕ್ಕೇ ಮೊದಲು ನಿಮ್ಮ ಮುಂದೆ ಒಂದು ರಿಹರ್ಸಲ್ ಮಾಡಿಬಿಡುತ್ತೇನೆ, ಕೇಳಿ.

ಅಂಬಿಕಾ ನಮ್ಮ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದು ಬೀದರಿನಲ್ಲಿ ಪಶುವೈದ್ಯಕೀಯ ಓದಿದ ಹುಡುಗಿ. ಊರು ಔರಾದ ತಾಲೂಕಿನ ಎಕಂಬಾ. ಕುರಿ ಸಾಕುವ ಮನೆತನ. ತಾಯಿ ಇಲ್ಲದ ಅವಳನ್ನು ಬೆಳೆಸಿದವಳು ಅಜ್ಜಿ ಮಾಳಮ್ಮ, ಅವಳ ಬಾಯಲ್ಲಿ 'ಆಯಿ'. ಓದು ಮುಗಿದ ಮೇಲೆ ಹಂಗೇರಿಯ ಒಂದು ವಿಶ್ವವಿದ್ಯಾಲಯದಲ್ಲಿ ಕುರಿಗಳ ಬಗ್ಗೆಯೇ ಮುಂದೆ ಓದಲು ಸ್ಕಾಲರ್‌ಶಿಪ್ ಬಂತು. ಎಕಂಬಾದಲ್ಲಿ ಯಾರೂ ನಂಬಲಿಲ್ಲ. ಕುರಿ ಬಗ್ಗೆ ತಿಳಿಯಲು ಕುರಿ ಬಿಟ್ಟು ಅಷ್ಟು ದೂರ ಹೋಗಬೇಕೇ ಎಂದು ಎಲ್ಲರ ತಕರಾರು.

"ನನ್ನ ಇಂಗ್ಲಿಷ್ ತಿದ್ರಿ ಮೇಡಂ" ಎಂದು ಬಂದಳು. ತಿದ್ದಿದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ನಾನು ಕಾನ್ವೆಂಟಿನಲ್ಲಿ ಕಲಿತವಳು ನೋಡಿ, ಟೇಬಲ್ ಮ್ಯಾನರ್ಸಿಗೂ ಕೈ ಹಾಕಿದೆ. ಎಡಗೈಯಲ್ಲಿ ಫೋರ್ಕ್, ಬಲಗೈಯಲ್ಲಿ ನೈಫ್, ಮೊಣಕೈ ಮೇಜಿಗೆ ತಾಗಬಾರದು, ಬಾಯಿ ಸಪ್ಪಳ ಆಗಬಾರದು. ಅಭ್ಯಾಸಕ್ಕೆ ಕಟ್ಲೆಟ್ ಎಲ್ಲಿಂದ ತರೋಣ? ಮನೆಯಲ್ಲಿದ್ದದ್ದು ಕಡಕ್ ಜೋಳದ ರೊಟ್ಟಿ ಮತ್ತು ಪುಂಡಿಪಲ್ಯ. ರೊಟ್ಟಿಗೆ ಫೋರ್ಕ್ ಚುಚ್ಚಿದರೆ ಅದು ನಾಲ್ಕು ಹೋಳಾಗಿ, ಒಂದು ಹೋಳು ಕಿಟಕಿಯವರೆಗೆ ಹಾರುತ್ತಿತ್ತು.

"ಮೇಡಂ, ಇದು ಉಣ್ಣೂದೋ, ಬ್ಯಾಟಿ ಆಡೂದೋ?"

"ಸೈಲೆಂಟ್‌ಲಿ, ಡಿಯರ್. ತಾಟು ಮಾತಾಡಬಾರದು."

"ತಾಟ ಸುಮ್ನ ಕುಂತ್ರ ಉಂಡಂಗ ಹ್ಯಾಂಗ ಆಗ್ತದ್ರಿ?"

ನಾನು ನಗಲಿಲ್ಲ. ಇನ್ನೂ ಒಂದು ಪಾಠ ಹೇಳಿಕೊಟ್ಟೆ. "ಮನ್ಯಾಗ ಏನ್ ಮಾಡ್ತಾರ ಅಂತ ಕೇಳಿದ್ರ ಕುರಿ ಕಾಯ್ತಾರ ಅನಬ್ಯಾಡ. ಲೈವ್‌ಸ್ಟಾಕ್ ಬಿಸಿನೆಸ್ ಅನ್ನು."

ಹುಡುಗಿ ಫೋರ್ಕ್ ಕೆಳಗಿಟ್ಟಳು. "ಆಯಿ ಕೇಳಿದ್ರ ನಗ್ತಾಳ್ರಿ" ಎಂದಳು. ಆದರೆ ಪಾಠ ಒಪ್ಪಿಸಿದಳು. ಒಳ್ಳೆಯ ಹುಡುಗಿಯರು ಹಾಗೆಯೇ, ತಪ್ಪು ಪಾಠವನ್ನೂ ಚೆನ್ನಾಗಿ ಒಪ್ಪಿಸುತ್ತಾರೆ.

ಯಾಕೆ ಇಷ್ಟು ಹಟ ಎಂದು ನೀವು ಕೇಳಬಹುದು. ಭಾಲ್ಕಿ ತಾಲೂಕಿನ ಮೆಹಕರದಿಂದ, ಗೋಡೆಯ ಮೇಲೆ ಬುದ್ಧನ ಪಟವಿದ್ದ ಮನೆಯಿಂದ, ಒಂಬತ್ತು ವರ್ಷದವಳಾಗಿ ನಾನು ಬೀದರಿನ ಕಾನ್ವೆಂಟ್ ಹಾಸ್ಟೆಲಿಗೆ ಬಂದೆ. ಮೊದಲ ವಾರವೇ ಊಟದ ಹಾಲಿನಲ್ಲಿ ಪಕ್ಕದ ಹುಡುಗಿ ಕೇಳಿದ್ದಳು, "ನಿಮ್ಮ ಮನ್ಯಾಗ ಏನ್ ಉಣ್ತೀರಿ?" ಅವಳು ಕೇಳುತ್ತಿದ್ದದ್ದು ಊಟದ ಬಗ್ಗೆ ಅಲ್ಲ ಎಂದು ಆ ವಯಸ್ಸಿಗೂ ನನಗೆ ತಿಳಿದಿತ್ತು. ಅವ್ವ ಕಳಿಸಿದ ಡಬ್ಬಿಯನ್ನು ಮುಚ್ಚಳ ತೆಗೆಯದೆ ಹಾಸಿಗೆಯ ಕೆಳಗಿಟ್ಟೆ. ಅದು ಅಲ್ಲಿಯೇ ಬೂಸಲು ಹಿಡಿಯಿತು. ಆಮೇಲೆ ಒಬ್ಬ ಮುದುಕಿ ಸಿಸ್ಟರ್ ನನಗೆ ಫೋರ್ಕ್ ಹಿಡಿಯುವುದನ್ನು ಕಲಿಸಿದರು. ನಾನು ಅದನ್ನು ಎಲ್ಲರಿಗಿಂತ ಚೆಂದ ಹಿಡಿದೆ. ಫೋರ್ಕ್ ಹಿಡಿದವಳನ್ನು ಯಾವ ಓಣಿಯವಳು ಎಂದು ಯಾರೂ ಕೇಳಲಿಲ್ಲ. ಅಂದಿನಿಂದ ನಾಲ್ಕು ಜನರೆದುರು ನಾನು ಅನ್ನಕ್ಕೆ ಬೆರಳು ಹಚ್ಚಿದವಳಲ್ಲ. ಮದುವೆಮನೆಗಳಲ್ಲಿ ಹಿಂದಿನಿಂದ 'ಮೇಮ್‌ಸಾಬ್' ಅನ್ನುತ್ತಾರೆ. ನನಗೇನು ಕಿವಿ ಇಲ್ಲವೇ?

ನನ್ನನ್ನು ಕಾಪಾಡಿದ್ದು ಅಂಬಿಕಾಳನ್ನೂ ಕಾಪಾಡುತ್ತದೆ ಎಂದುಕೊಂಡೆ. ಅಷ್ಟೇ ನನ್ನ ತಪ್ಪು.

ಹುಡುಗಿ ಹೋದಳು. ಮೊದಮೊದಲು ಫೋಟೋಗಳು ಬಂದವು, ದೊಡ್ಡ ನದಿ, ಸೇತುವೆ, ಹಳದಿ ಟ್ರಾಮ್, ಮೊದಲ ಹಿಮದಲ್ಲಿ ಇವಳ ಬೂಟಿನ ಗುರುತು. ಪ್ರತಿ ಭಾನುವಾರ ಮಾಳಮ್ಮ ಎಕಂಬಾದಿಂದ ಬಸ್ಸು ಹಿಡಿದು ನಮ್ಮಲ್ಲಿಗೆ ಬರುತ್ತಿದ್ದಳು, ನನ್ನ ಮೊಬೈಲಿನಲ್ಲಿ ಮೊಮ್ಮಗಳ ಮುಖ ನೋಡಲು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬುತ್ತಿ. ಬಾಗಿಲ ಮೆಟ್ಟಿಲ ಮೇಲೆಯೇ ಕೂತು ಬುತ್ತಿ ಬಿಚ್ಚುವಳು. ನಾನು ಒಳಗೆ ಡೈನಿಂಗ್ ಟೇಬಲ್ಲಿನಲ್ಲಿ. ತೆರೆದ ಬಾಗಿಲಿನ ಮೂಲಕ ನಮ್ಮ ಮಾತು.

ಒಳಗೆ ಬಾ, ಉಣ್ಣು ಎಂದು ನಾನು ಕರೆಯಲಿಲ್ಲ. ಕರೆದು, ಅವಳು ಒಲ್ಲೆ ಅಂದುಬಿಟ್ಟರೆ? ಅಂಬಿಕಾ ನಮ್ಮಲ್ಲಿ ಉಂಡಳು, ಅವಳ ಕಾಲ ಬೇರೆ. ಮಾಳಮ್ಮ ನಮ್ಮ ಗೋಡೆಯ ಮೇಲಿನ ಬುದ್ಧನ ಪಟವನ್ನು ಮೊದಲ ದಿನವೇ ನೋಡಿದ್ದಳು. ಬುತ್ತಿ ಕಟ್ಟಿಕೊಂಡು ಬರುವುದು ಅದಕ್ಕೇ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಚಳಿಗಾಲದ ಒಂದು ಬುಧವಾರ ಅಂಬಿಕಾ ನನಗೊಬ್ಬಳಿಗೇ ವಿಡಿಯೋ ಫೋನ್ ಮಾಡಿದಳು. ಗಲ್ಲದ ಎಲುಬು ಎದ್ದು ಕಾಣುತ್ತಿತ್ತು.

"ಮೇಡಂ, ನಾ ಮೆಸ್ಸಿಗಿ ಹೋಗೂದು ಬಿಟ್ಟೇನ್ರಿ. ನಾ ಫೋರ್ಕ್ ಹಿಡದ್ರ ಸದ್ದ ಆಗ್ತದ, ಎಲ್ಲಾರೂ ನೋಡ್ತಾರ ಅನಸ್ತದ. ರೂಮಿನ್ಯಾಗ ಬ್ರೆಡ್ ತಿಂತೇನಿ."

"ಫ್ರೆಂಡ್ಸ್ ಇಲ್ಲೇನು?"

"ಲೈವ್‌ಸ್ಟಾಕ್ ಬಿಸಿನೆಸ್ ಅಂದೇನಲ್ರಿ, ಎಷ್ಟ ಎಕರೆ, ಎಷ್ಟ ಆಳು ಅಂತ ಕೇಳ್ತಾರ. ಒಂದು ಸುಳ್ಳಿಗಿ ಇನ್ನೊಂದು ಹೇಳಿ ಹೇಳಿ ಸಾಕಾಗ್ಯದ. ನಾ ವಾಪಸ್ ಬರ್ಲೇನ್ರಿ?"

ನಾನು ಏನಂದೆ ಗೊತ್ತೇ? "ಬಿ ಬ್ರೇವ್, ಡಿಯರ್." ಗಾಯದ ಮೇಲೆ ಗ್ರೀಟಿಂಗ್ ಕಾರ್ಡ್ ಅಂಟಿಸಿದ ಹಾಗೆ. ತಪ್ಪು ನನ್ನದು, ಆ ಪಾಠ ಮರೆತುಬಿಡು ಎನ್ನಲು ಬಾಯಿ ಬರಲಿಲ್ಲ.

ಆ ಭಾನುವಾರ ಮಾಳಮ್ಮ ಕೇಳಿದಳು, "ಹುಡುಗಿ ಬರೋಬರಿ ಉಣ್ಣಾಕತ್ಯಾಳೇನ್ರಿ, ಟೀಚರಮ್ಮಾ?"

"ಉಣ್ಣಾಕತ್ಯಾಳ. ಫಿಕರ್ ಮಾಡಬ್ಯಾಡ."

ಎರಡು ತಿಂಗಳು ಅದೇ ಪ್ರಶ್ನೆ, ಅದೇ ಉತ್ತರ. ವಿಡಿಯೋದಲ್ಲಿ ಅಂಬಿಕಾ ಆಯಿಯ ಮುಂದೆ ನಗುವಳು, ನಾನೂ ನಗುವೆ. ಮೊಬೈಲ್ ಕೆಳಗಿಟ್ಟ ಮೇಲೆ ನನಗೆ ತುತ್ತು ಇಳಿಯುತ್ತಿರಲಿಲ್ಲ. ಹುಡುಗಿ ಓದು ಬಿಟ್ಟು ಬಂದರೆ ಆ ಮುದುಕಿಗೆ ಏನು ಹೇಳಲಿ? ಬರದೆ ಅಲ್ಲಿಯೇ ಒಣಗಿಹೋದರೆ? ಆಮೇಲೆ ಮೂರು ವಾರ ಫೋನೇ ಇಲ್ಲ. ನಾನು ಮಾಡಿದರೂ ಎತ್ತಲಿಲ್ಲ. ಮಾಳಮ್ಮ ಬಂದು, ಬೆಳಗದ ಮೊಬೈಲನ್ನು ನೋಡಿ, ಬುತ್ತಿ ಬಿಚ್ಚದೆಯೇ ಎದ್ದು ಹೋದಳು. "ನೆಟ್‌ವರ್ಕ್ ಪ್ರಾಬ್ಲಮ್" ಎಂದೆ. ಅದನ್ನೂ ಕೇಳಿಕೊಂಡಳು.

ನಾಲ್ಕನೆಯ ಭಾನುವಾರ ಮಾಳಮ್ಮ ಮೆಟ್ಟಿಲ ಮೇಲೆ ಕೂತಿದ್ದಾಗಲೇ ಮೊಬೈಲ್ ರಿಂಗಾಯಿತು. ಅಂಬಿಕಾಳ ಹಿಂದೆ ಹುಲ್ಲಿನ ಬಯಲು ಕಾಣುತ್ತಿತ್ತು. ಮುಖ ಬಿಸಿಲಿಗೆ ಕೆಂಪಾಗಿತ್ತು. ಕ್ಲಾಸಿನವರೆಲ್ಲ ಬಸ್ಸಿನಲ್ಲಿ ಒಂದು ಕುರಿ ಫಾರ್ಮಿಗೆ ಹೋಗಿದ್ದರಂತೆ.

"ಆಯಿ, ಒಂದು ಕುರಿ ಈದಿತ್ತು, ಮರಿ ಹತ್ರ ಸೇರಿಸವಲ್ದು. ಎಲ್ಲಾರೂ ಗ್ಲೌಸ್ ಹಾಕ್ಕೊಂಡು ನೋಟ್ಸ್ ಬರ್ಕೋತ ನಿಂತಾರ. ನನಗ ತಡೀಲಾಗಲಿಲ್ಲ. ಗ್ಲೌಸ್ ಬಿಚ್ಚಿ ಒಗದೆ. ಮರಿ ಮೈಯಾಗಿನ ಲೋಳಿ ತಗದು ಕುರಿ ಮೂಗಿಗಿ ಹಚ್ಚಿದೆ, ನೀ ಹಚ್ತೀಯಲ್ಲ ಹಂಗ. ನಿನ್ನಂಗ ಟ್ರುರ್‌ರ್ ಅಂತನೂ ಕರದೆ."

"ತಿಳೀತೇನ ಅದಕ್ಕ ನಮ್ಮ ಮಾತು?"

"ಮಾತು ತಿಳೀಲಿಲ್ಲ, ವಾಸನಿ ತಿಳೀತು. ಮರಿ ನೆಕ್ಕಾಕ ಹತ್ತಿತು. ಅಲ್ಲಿ ಕುರಿ ಕಾಯೋ ಮುತ್ಯಾ ಎಲ್ಲಿ ಕಲ್ತಿ ಅಂತ ಕೇಳಿದ. ನಾನೂ ಕುರಿ ಕಾಯೋರ ಮನ್ಯಾಕಿ, ನಮ್ಮ ಆಯಿ ಕಲಿಸ್ಯಾಳ ಅಂದೆ. ಎಲ್ಲಾರ ಮುಂದ."

ಆ ಮುದುಕ ಮಧ್ಯಾಹ್ನ ತನ್ನ ಪಕ್ಕದಲ್ಲಿ ಕೂಡಿಸಿಕೊಂಡು ಬ್ರೆಡ್ಡು, ಹಸಿ ಉಳ್ಳಾಗಡ್ಡಿ ಕೊಟ್ಟನಂತೆ. ಹೆಚ್ಚಿಕೊಳ್ಳಲು ಚಾಕು ಚಾಚಿದನಂತೆ. ಇವಳು ಚಾಕು ಮುಟ್ಟಲೇ ಇಲ್ಲ, ಉಳ್ಳಾಗಡ್ಡಿಯನ್ನು ಹಲಗೆಯ ಮೇಲಿಟ್ಟು, ಊರಿನಲ್ಲಿ ಒಡೆಯುವ ಹಾಗೆ, ಮುಷ್ಟಿ ಬಿಗಿದು ಗುದ್ದಿದಳಂತೆ. ಕ್ಲಾಸಿನವರೆಲ್ಲ ಸುತ್ತ ನಿಂತು ನೋಡುತ್ತಿದ್ದರು, ನೋಡಲಿ ಅನ್ನಿಸಿತು ಎಂದಳು.

ಮಾಳಮ್ಮ ಮೊಬೈಲನ್ನು ಮುಖದ ಹತ್ತಿರ ತಂದುಕೊಂಡಳು. "ಒಂದ ಗುದ್ದಿಗಿ ಒಡೀತೋ, ಎರಡ ಬೇಕಾತೋ?"

"ಒಂದ ಗುದ್ದಿಗಿ, ಆಯಿ!"

"ಹಂಗಂದ್ರ ಮೈಯಾಗ ಇನ್ನೂ ಕಸುವು ಅದ. ಓದು ಮುಗಿಸಿ ಬಾ."

ಫೋನ್ ನನ್ನ ಕೈಗೆ ಕೊಟ್ಟು ಮುದುಕಿ ಕಂಬಳಿಯ ತುದಿಯಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಮೆತ್ತಗೆ ಅಂದಳು, "ಇವತ್ತ ಖರೇ ಉಂಡಾಳ ನೋಡ್ರಿ. ಇಷ್ಟ ದಿನ ನೀವು ನನಗ ಸುಳ್ಳ ಹೇಳಾಕತ್ತಿದ್ರಿ."

"ನಿನಗ ಗೊತ್ತಿತ್ತೇನು?"

"ಕುರಿ ಮೇವು ಬಿಟ್ರ ನಾ ಅದರ ಕಣ್ಣ ನೋಡಿ ಹೇಳ್ತೇನಿ. ನನ್ನ ಮೊಮ್ಮಗಳ ಕಣ್ಣು ನನಗ ತಿಳೀವಲ್ದೇನ್ರಿ? ನೀವೂ ಉಣವಲ್ರಿ ಅನ್ನೂದೂ ತಿಳದಿತ್ತು."

ಹೋಗಿ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತೆ. ಕೇಳಬಾರದೆಂದು ಇಷ್ಟು ದಿನ ಹಿಡಿದಿಟ್ಟದ್ದನ್ನು ಕೇಳಿಯೂ ಬಿಟ್ಟೆ. "ಮಾಳಮ್ಮಾ, ಒಂದು ದಿನಾನೂ ನಮ್ಮ ಮನ್ಯಾಗ ಉಣಲಿಲ್ಲ ನೀನು. ಆ ಪಟ ನೋಡಿ ಏನು?"

ಅವಳು ತಿರುಗಿ ಪಟ ನೋಡಿದಳು, ಆಮೇಲೆ ನನ್ನನ್ನು. "ಪಟ ಏನ್ ಮಾಡ್ತದ್ರಿ ಪಾಪ, ಕಣ್ಣ ಮುಚ್ಚಿ ಕುಂತದ. ನೀವು ಟೇಬಲ್ ಮ್ಯಾಲ ಚಮಚಾ ಹಿಡದು ಉಣ್ತಿದ್ರಿ. ಕರೀಲೂ ಇಲ್ಲ. ನಾ ಕೈಲೆ ಕಲಸ್ಕೊಂಡು ಉಂಡ್ರ ಈ ಟೀಚರಮ್ಮಗ ಹೊಟ್ಟಿ ತೊಳಸ್ತದೇನೋ ಅಂದ್ಕೊಂಡೆ."

ಬುತ್ತಿ ಬಿಚ್ಚಿ ಅರ್ಧ ರೊಟ್ಟಿ, ಒಂದು ಉಳ್ಳಾಗಡ್ಡಿ ನನ್ನ ಮುಂದಿಟ್ಟಳು. "ಹೊಡೀರಿ."

ಹೊಡೆದೆ. ಉಳ್ಳಾಗಡ್ಡಿ ಒಡೆಯಲಿಲ್ಲ. ಚಂಗನೆ ಜಿಗಿದು, ಉರುಳಿ, ಪಕ್ಕದ ಮನೆಯವರ ಸ್ಕೂಟರಿನ ಕೆಳಗೆ ಹೋಗಿ ಕೂತಿತು. ಮಾಳಮ್ಮ ಕೆಮ್ಮು ಬರುವವರೆಗೆ ನಕ್ಕಳು. ನನಗೆ ಅವಳೇ ಒಂದು ಒಡೆದು ಕೊಟ್ಟಳು. ಅರವತ್ತು ವರ್ಷದ ಮೇಲೆ ನಾನು ಇನ್ನೊಬ್ಬರ ಎದುರು ಕೈಯಿಂದ ಉಂಡೆ.

ನಾಲ್ಕು ದಿನದ ನಂತರ ಮಧ್ಯಾಹ್ನ ಕುರಿಗಳ ಹತ್ತಿರ ಮರದ ನೆರಳಿಗೆ ಮಲಗಿದ ಮಾಳಮ್ಮ ಏಳಲಿಲ್ಲ. ಅಂಬಿಕಾಗೆ ಅಷ್ಟು ದೂರದಿಂದ ಮಣ್ಣು ಕೊಡಲು ಬರಲಾಗಲಿಲ್ಲ. ಫೋನ್ ಮಾಡಿ ಹೇಳಿದವಳು ನಾನೇ. ಆ ಸಲ ಸುಳ್ಳು ಹೇಳಲಿಲ್ಲ.

ಈಗ ಗಂಟೆ ಹನ್ನೆರಡೂವರೆ. ಡ್ರಾಯರ್ ಮುಚ್ಚಿದ್ದೇನೆ. ಮೆಟ್ಟಿಲ ಮೇಲೆ ಎರಡು ತಾಟು ಇಟ್ಟಿದ್ದೇನೆ, ರೊಟ್ಟಿ, ಪುಂಡಿಪಲ್ಯ, ನಾಲ್ಕು ಉಳ್ಳಾಗಡ್ಡಿ. ಒಂದು ಜಾಸ್ತಿಯೇ ಇರಲಿ, ನನ್ನ ಮುಷ್ಟಿಯ ಮೇಲೆ ನನಗೆ ಇನ್ನೂ ಭರವಸೆ ಇಲ್ಲ. ಓದು ಮುಗಿಸಿ ಬಂದ ಅಂಬಿಕಾ ಕೇಳಿದ್ದಕ್ಕೆ ಉತ್ತರ ಮಾತ್ರ ತಯಾರಾಗಿದೆ. ನಿನ್ನ ಆಯಿ ಕಡೀ ಸಲ ಹ್ಯಾಂಗ ಇದ್ದಳು ಎಂದರೆ, ಹೀಗೆ.

ಉಳ್ಳಾಗಡ್ಡಿ ಒಡೆದ ಆ ಭಾನುವಾರ ಸಂಜೆ ಅವಳನ್ನು ನೌಬಾದದ ಸ್ಟ್ಯಾಂಡಿನವರೆಗೆ ನಾನೇ ಬಿಡಲು ಹೋದೆ. ಔರಾದ ಬಸ್ಸು ತುಂಬಿತ್ತು. ಒಳಗೆ ನುಗ್ಗಿ ಕಿಟಕಿ ಹಿಡಿದಳು. ನಾನು ಕೆಳಗಿನಿಂದ, "ಮುಂದಿನ ವಾರ ಬುತ್ತಿ ತರಬ್ಯಾಡ, ನಮ್ಮಲ್ಲೇ ಉಣ್ಣು" ಎಂದು ಕೂಗಿದೆ. ಎಂಜಿನ್ನಿನ ಸದ್ದಿಗೆ ಅವಳಿಗೆ ಕೇಳಿಸಿತೋ ಇಲ್ಲವೋ. ಬಸ್ಸು ಅಲುಗಿತು. ಕಿಟಕಿಯಿಂದ ಕೈ ಹೊರಗೆ ಹಾಕಿ, ಮುಷ್ಟಿ ಬಿಗಿದು, ಗಾಳಿಯಲ್ಲಿ ಒಂದು ಗುದ್ದು ಗುದ್ದಿ, ಹಲ್ಲಿಲ್ಲದ ಬಾಯಿ ತುಂಬ ನಗುತ್ತಾ ಹೋದಳು.