ಅಟ್ಟದ ಮೇಲಿನ ಫೀಸು

ನನ್ನ ಬಿ.ಎ. ಎರಡನೇ ವರ್ಷದ ಫೀಸು ತೆಂಗಿನ ಮರದಿಂದ ಬಿತ್ತು. ಒಮ್ಮೆಲೇ ಅಲ್ಲ. ಒಂದೊಂದಾಗಿ, ದಡ್ ದಡ್ ಎಂದು, ಕೆಲವು ಸಲ ನನ್ನ ತಲೆಯಿಂದ ಮಾರು ದೂರದಲ್ಲಿ.

ಬಿಳಿಗೆರೆ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದಾಗ ನನ್ನ ಪಿಯುಸಿ ಮುಗಿದಿತ್ತು. ಮುಂದೆ ಓದಬೇಕೆಂಬ ಹುಳ ಮಾತ್ರ ತಲೆಯಲ್ಲಿ ಕೊರೆಯುತ್ತಲೇ ಇತ್ತು. ದೂರಶಿಕ್ಷಣದಲ್ಲಿ ಬಿ.ಎ.ಗೆ ಸೇರಿದ್ದು ನಮ್ಮನೆಯವರನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಫೇಲಾದರೆ ಊರೆಲ್ಲ ನಗುತ್ತದೆ, ಪಾಸಾದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ. ತಿಪಟೂರಿನಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟುಕೊಂಡಿರುವ ನಮ್ಮನೆಯವರು, "ಫೀಸ್ ನಾನ್ ಕಟ್ತೀನಿ ಬುಡು" ಅಂದರು. ನನಗೆ ಸಿಟ್ಟು ಬಂತು. ನನ್ನ ಓದು, ನನ್ನ ದುಡ್ಡು ಎಂದುಬಿಟ್ಟೆ. ಮೊದಲ ವರ್ಷದ್ದು ಗೌರಿ ಹಬ್ಬಕ್ಕೆ ತವರಿನಿಂದ ಬಂದ ದುಡ್ಡಿನಲ್ಲಿ ಹೇಗೋ ದಾಟಿತು. ಎರಡನೇ ವರ್ಷಕ್ಕೆ ಕೈ ಬರಿದು, ಬಾಯಿ ಮಾತ್ರ ದೊಡ್ಡದು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಆಳುಗಳು ಕೆಡವಿದ ಕಾಯಿ ಮನೆಯದು, ತಾನಾಗಿ ಉದುರಿದ ಕಾಯಿ ಹೆಂಗಸರದು. ಅದರಲ್ಲಿ ಬಂದ ದುಡ್ಡಿನ ವಿಚಾರವನ್ನು ಗಂಡಸರು ಕೇಳುವಂತಿಲ್ಲ. ಮಂಡಿನೋವು ಶುರುವಾದ ಮೇಲೆ ಅತ್ತೆಯವರು ಆ ಹಕ್ಕನ್ನು ನನಗೆ ಬಿಟ್ಟುಕೊಟ್ಟಿದ್ದರು. ಹಾಗೇ ಮಾರಿದರೆ ಪುಡಿಗಾಸು. ಸಿಪ್ಪೆಸಮೇತ ಅಟ್ಟದ ಮೇಲೆ ಒಂದು ವರ್ಷ ಇಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಗ ಅದರ ಗತ್ತೇ ಬೇರೆ. ಬ್ಯಾಂಕಿನಲ್ಲಿಟ್ಟ ದುಡ್ಡು ಒಂದು ವರ್ಷದಲ್ಲಿ ಹಾಗೆ ಬೆಳೆದದ್ದನ್ನು ನಾನಂತೂ ಕಂಡಿಲ್ಲ.

ಅಲ್ಲಿಂದ ನನಗೆ ಹುಚ್ಚೇ ಹಿಡಿಯಿತು. ಗಾಳಿ ಬೀಸಿದರೆ ಸ್ಕಾಲರ್‌ಶಿಪ್ ಬಂದಷ್ಟು ಖುಷಿ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವ ಮೊದಲೇ ತೋಟಕ್ಕೆ ಓಡುತ್ತಿದ್ದೆ. ಪಕ್ಕದ ತೋಟದ ಬೇಲಿಗೆ ಉರುಳಿದ ಕಾಯಿಗಾಗಿ ಆ ಮನೆಯ ನಾಯಿಯ ಜೊತೆ ಜಗಳ ಆಡಿದ್ದೇನೆ. ತಿಪಟೂರಿಗೆ ಹೋದರೆ ಗೋಬಿ ಮಂಚೂರಿ ಗಾಡಿಯ ಮುಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡು ದಾಟುತ್ತಿದ್ದೆ. ಮೊಬೈಲಿನಲ್ಲಿ ದಿನಾ ಕೊಬ್ಬರಿ ಧಾರಣೆ ನೋಡುವುದು ಬೇರೆ. ಬೆಲೆ ಏರಿದ ದಿನ ನಾನು ಪದವೀಧರೆ, ಇಳಿದ ದಿನ ಮತ್ತೆ ಪಿಯುಸಿ.

ಮನೆಯ ಕಾಯಿಯ ಜೊತೆ ಬೆರೆಯದಿರಲಿ ಎಂದು ನನ್ನವನ್ನು ಅಟ್ಟದ ಒಂದು ಮೂಲೆಗೆ ಒಟ್ಟಿದೆ. ಗುರುತಿಗೆ ಏನಾದರೂ ಬೇಕಲ್ಲ, ಕೈಗೆ ಸಿಕ್ಕಿದ್ದು ಅಡುಗೆಮನೆಯ ಅರಿಶಿನ. ಅದನ್ನೇ ಕಲಸಿ ಒಂದೊಂದು ಕಾಯಿಗೂ ಒಂದೊಂದು ಬೊಟ್ಟು ಇಟ್ಟೆ. ಓದುವುದೂ ಅಲ್ಲೇ, ಏಕೆಂದರೆ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಹೆಂಚಿನ ಕೆಳಗಿನ ಆ ಮೂಲೆಯಲ್ಲಿ ಮಾತ್ರ. ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ ಮೇಲೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪಾಠ ಕೇಳುತ್ತ, ಕೇಳಿದ್ದನ್ನು ಬಾಯಿಪಾಠ ಮಾಡುತ್ತಿದ್ದೆ. ಬೇಜಾರಾದರೆ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುವುದು. ನೀರು ಕುಲುಕಿದರೆ ಇನ್ನೂ ಸಮಯ ಇದೆ, ಗಡಗಡ ಅಂದರೆ ಕೊಬ್ಬರಿ ಆಗಿದೆ. ಮೊದಲ ಕಾಯಿ ಗಡಗಡ ಅಂದ ಮಧ್ಯಾಹ್ನ ನಾನು ಅಟ್ಟದ ಮೇಲೆ ಕುಣಿದೆ, ಕೆಳಗೆ ಅಡುಗೆಮನೆಗೆ ಧೂಳು ಸುರಿಯಿತು.

ಆಮೇಲೆ ಎರಡು ವಿಚಿತ್ರ ನಡೆದವು. ನನ್ನ ರಾಶಿ ತಾನಾಗಿ ಬೆಳೆಯತೊಡಗಿತು. ನಾನು ಇಡದ ಕಾಯಿಗಳು, ಅವಕ್ಕೂ ಅರಿಶಿನದ ಬೊಟ್ಟು. ನಮ್ಮನೆಯವರದೇ ಕೆಲಸ ಎಂದು ಜಗಳ ತೆಗೆದರೆ, "ನಿನ್ನಾಣೆಗೂ ನಾನಲ್ಲ ಕಣೇ" ಎಂದರು. ಇನ್ನೊಂದು, ಅತ್ತೆಯವರು ವಿಪರೀತ ಮೆತ್ತಗಾದರು. ಮುದ್ದೆಗೆ ನನಗೆ ಮಾತ್ರ ಎರಡು ಚಮಚ ತುಪ್ಪ. ಎರಡು ಸಲ ಉಪ್ಪು ಬಿದ್ದ ಸಾರನ್ನು ತುಟಿಪಿಟಿಕ್ ಎನ್ನದೆ ಉಂಡರು. ನನ್ನ ದಿಂಬಿನ ಕೆಳಗೆ ವಿಭೂತಿಯ ಪೊಟ್ಟಣ ಸಿಕ್ಕಿತು. ನಾನು ಯಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ತುಪ್ಪ ಯಾರಿಗೆ ಬೇಡ?

ಫೀಸಿನ ಕೊನೆಯ ದಿನಕ್ಕೆ ಒಂದೇ ವಾರ ಉಳಿದಿತ್ತು. ತಪ್ಪಿದರೆ ಆ ವರ್ಷದ ಪರೀಕ್ಷೆಗೆ ಎಳ್ಳುನೀರು. ಧಾರಣೆ ಚೆನ್ನಾಗಿತ್ತು, ಕಾಯಿ ಸುಲಿಯುವವರಿಗೂ ಹೇಳಿ ಆಗಿತ್ತು. ಅವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತ ಅತ್ತೆಯವರು ಅಂದರು, "ಸೋಮವಾರಕ್ಕೆ ಆಟೋ ಹೇಳಿವ್ನಿ ಕಣವ್ವ. ಅಟ್ಟದ್ ಮೇಲಿನ ಮುಡಿಪು ಕಾಯೆಲ್ಲ ಮನೆದೇವ್ರಿಗೆ ಒಪ್ಪಿಸ್ ಬರಾನ."

ನನ್ನ ಕೈಯ ಲೋಟ ಅಲ್ಲೇ ನಿಂತಿತು. ಹರಕೆಗೆಂದು ತೆಗೆದಿಟ್ಟ ಕಾಯಿಗೆ ಅರಿಶಿನ ಹಚ್ಚಿಡುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅದೇ ಮುಡಿಪು, ಅದನ್ನು ಯಾರೂ ಮುಟ್ಟುವುದಿಲ್ಲ. ಒಂದೊಂದಕ್ಕೂ ಬೊಟ್ಟು ಇಟ್ಟ ನನಗೆ ಮಾತ್ರ ಅದು ಹೊಳೆದೇ ಇರಲಿಲ್ಲ.

"ಅದು ಮುಡಿಪಲ್ಲ ಅತ್ತೆ, ನನ್ನ ಫೀಸು" ಎಂದೆ. ನಮ್ಮನೆಯವರು ಕಾಫಿ ಲೋಟದೊಳಗೆ ಮುಖ ಹುದುಗಿಸಿದರು. ಬಿ.ಎ. ಸೇರಿದ್ದು, ಹೇಳದೆ ಇದ್ದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ.

ಅತ್ತೆಯವರು ಲೋಟ ಕೆಳಗಿಟ್ಟರು. "ಅಂಗಾರೆ ಅಟ್ಟದ್ ಮೇಲೆ ಒಬ್ಳೇ ಅದ್ಯಾರ್ ಜೊತೆ ಮಾತಾಡ್ತಿದ್ದೆ?"

"ಓದ್ತಿದ್ದೆ ಅತ್ತೆ."

"ವಿಭಜಿಸಲಾಗದು, ವರ್ಗಾಯಿಸಲಾಗದು ಅಂತ ಬಡ್ಕೊತಿದ್ಯಲ್ಲ?"

"ಅದು ರಾಜ್ಯಶಾಸ್ತ್ರದ ಪಾಠ ಅತ್ತೆ, ಪರಮಾಧಿಕಾರದ ಲಕ್ಷಣ."

"ನಾನು ಗಾಳಿ ಮೆಟ್ಕೊಂಡಿರೋ ಲಕ್ಷಣ ಅಂದ್ಕಂಡಿದ್ದೆ" ಎಂದರು ಅತ್ತೆ. "ನಿಂಗೂ ಗೊತ್ತಾಗಿ ನೀನೇ ಹರಕೆ ಹೊತ್ತಿದೀಯ, ನಾಚ್ಕೆಗೆ ಹೇಳ್ತಿಲ್ಲ ಅಂತ, ನಾನೂ ಹೊಸ್ದಾಗ್ ಕೆಡವಿದ್ ಮನೆ ಕಾಯಲ್ಲಿ ಒಂದೊಂದ್ ಸೇರಿಸ್ತಾ ಬಂದೆ."

ಅಂದರೆ ಆ ಮಂಡಿನೋವು ಹೊತ್ತುಕೊಂಡು ಏಣಿ ಹತ್ತಿದ್ದರು. ನಾನು ನಗುತ್ತಲೇ ಅವರ ಮಂಡಿ ನೀವಿದೆ.

ಈಗ ಹೊಸ ತಕರಾರು. ನನ್ನವು ನನಗೆ ಸರಿ, ಆದರೆ ಅವರು ದೇವರ ಹೆಸರು ಹೇಳಿ ಇಟ್ಟವನ್ನು ಮಾರುವುದು ಹೇಗೆ? ಬೊಟ್ಟು ನೋಡಿದರೆ ಎಲ್ಲ ಒಂದೇ. "ಬಾ, ಕಿವಿ ಐತಲ್ಲ" ಎಂದು ಅತ್ತೆಯವರೇ ಏಣಿಗೆ ಕೈ ಹಾಕಿದರು. ಫೀಸಿನ ಹೊತ್ತಿಗೆ ಒಣಗದು ಎಂದು ಈಚೆಗೆ ಉದುರಿದವನ್ನು ನಾನು ಅಟ್ಟಕ್ಕೆ ಏರಿಸಿರಲಿಲ್ಲ. ನನ್ನವು ಹಳೆಯವು, ಗಡಗಡ ಅನ್ನಬೇಕು. ಅವರವು ಈಚಿನವು, ಕುಲುಕಬೇಕು. ಅತ್ತೆ ಸೊಸೆ ಇಬ್ಬರೂ ಅಟ್ಟದ ಮೇಲೆ ಕಾಲು ನೀಡಿ ಕೂತು ಕಾಯಿ ಅಲ್ಲಾಡಿಸಿದೆವು. "ಇದು ನಿಂದು." "ಇದು ದೇವ್ರುದು." ಸದ್ದು ಅನುಮಾನ ಬಂದರೆ ಇಬ್ಬರೂ ಕಣ್ಣು ಮುಚ್ಚಿ ಕೇಳುವುದು. ಏಣಿಯ ಮೇಲೆ ಕತ್ತು ಚಾಚಿದ ನಮ್ಮನೆಯವರು, "ಇಬ್ರಿಗೂ ಮೆಟ್ಕೊಂಡೈತೆ" ಅಂದರು. ಅತ್ತೆಗೆ ನಗು ತಡೆಯದೆ ಕೆಮ್ಮು ಹತ್ತಿತು.

ಆರಿಸಿ ಮುಗಿದಾಗ ನನ್ನ ನಗು ಇಳಿಯಿತು. ನನ್ನವುಗಳಲ್ಲಿ ಎಷ್ಟೋ ಕಾಯಿಗೆ ಇಲಿ ತೂತು ಕೊರೆದಿತ್ತು, ಕೆಲವು ಒಳಗೇ ಕೊಳೆತಿದ್ದವು. ಉಳಿದದ್ದು ಫೀಸಿಗೆ ಸಾಲುವುದಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. "ಬುಡಿ ಅತ್ತೆ, ಮುಂದಿನ ವರ್ಷ ನೋಡಾನ" ಎಂದೆ. ಒಂದು ವರ್ಷ ಓದಿದ್ದೆಲ್ಲ ಆ ಕೊಳೆತ ಕಾಯಿಯ ಜೊತೆಗೇ ಹೋದಂತಾಯಿತು.

ಅತ್ತೆಯವರು ತಮ್ಮ ಕಡೆಯ ಕಾಯಿಗಳನ್ನು ಒಂದೊಂದಾಗಿ ನನ್ನ ಕಡೆಗೆ ಉರುಳಿಸತೊಡಗಿದರು.

"ಅವು ದೇವರವು ಅತ್ತೆ."

"ದೇವ್ರಿಗೆ ಲಾಸ್ಟ್ ಡೇಟ್ ಇಲ್ಲ ಕಣವ್ವ, ನಿಂಗೈತೆ. ಇವು ಕೊಬ್ರಿ ಆಗಿಲ್ಲ, ಹಸಿ ಕಾಯಿ ಲೆಕ್ಕದಲ್ಲೇ ಮಾರು. ಅವನತ್ರ ನಾನ್ ಮಾತಾಡ್ಕತೀನಿ." ಕೊನೆಯ ಕಾಯಿಯನ್ನೂ ಉರುಳಿಸಿ ಕೈ ಝಾಡಿಸಿಕೊಂಡರು. "ನಾಳಿಂದ ಕೆಳಗ್ ಕೂತ್ಕಂಡು ಓದು, ಜಗುಲಿ ಮೇಲೆ. ಜೋರಾಗೇ ಓದು. ನಮ್ಮನೇಲಿ ಓದೋಳೊಬ್ಳವ್ಳೆ ಅಂತ ಬೀದೀಲ್ ಹೋಗೋರಿಗೆ ಗೊತ್ತಾಗ್ಲಿ."

ನಾನು ಅಲ್ಲೇ ಕೂತು ಜೋರಾಗಿ ಅತ್ತುಬಿಟ್ಟೆ, ಅಳುತ್ತಲೇ ನಕ್ಕೆ. ಅತ್ತೆಯವರು ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದರು. ಅನುಮಾನ ಇನ್ನೂ ಪೂರ್ತಿ ಹೋಗಿರಲಿಲ್ಲ.